ಕೋಳಿಪುಕ್ಕದ ಗಾಳ, ಜೇಬಿನ ನೋಟ್‌ಬುಕ್

(ಚಾರಣ ಮತ್ತು ಪ್ರವಾಸ ಇಷ್ಟಪಡುವ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಫ್ಲೈ ಫಿಶಿಂಗ್ ಬಗ್ಗೆ, ಅಂದರೆ ಪುಕ್ಕ, ನೂಲಿನ ನಕಲಿ ಹುಳು ಕಟ್ಟಿದ ಗಾಳದಲ್ಲಿ ಮೀನು ಹಿಡಿಯುವುದು. ಮಾತಿಗೆ ಮೊದಲು ಒಂದು ಸಲ ಲೈನ್, ಅಂದರೆ ಗಾಳದ ದಾರ, ಬೀಸಿ ತೋರಿಸುತ್ತೇನೆ. ಹೆದರಬೇಡಿ, ತುದಿಯಲ್ಲಿ ಕೊಕ್ಕೆ ಇಲ್ಲ. ಒಂದು ಚೂರು ಕೆಂಪು ಉಣ್ಣೆ ಕಟ್ಟಿದ್ದೇನೆ ಅಷ್ಟೆ. ನಡುವಿನ ದಾರಿಯಲ್ಲಿ ನಿಂತಿರುವವರು ಸ್ವಲ್ಪ ಪಕ್ಕಕ್ಕೆ ಬನ್ನಿ.

ನೋಡಿದಿರಾ? ಉಣ್ಣೆ ಹೋಗಿ ಆ ಕೊನೆಯ ಖಾಲಿ ಕುರ್ಚಿಯ ಮೇಲೆ ಕೂತಿತು. ಇದೇ ಉಣ್ಣೆಯನ್ನು ಕೈಯಲ್ಲಿ ಹಿಡಿದು ಎಸೆಯಿರಿ, ಎರಡು ಅಡಿಯೂ ಹೋಗುವುದಿಲ್ಲ. ಅದಕ್ಕೆ ತೂಕವೇ ಇಲ್ಲವಲ್ಲ. ಹಾಗಾದರೆ ಅದನ್ನು ಅಷ್ಟು ದೂರ ಹೊತ್ತುಕೊಂಡು ಹೋದದ್ದು ಯಾವುದು? ಲೈನ್. ಫ್ಲೈ ಫಿಶಿಂಗ್‌ನ ಗುಟ್ಟೆಲ್ಲ ಇಲ್ಲೇ ಇದೆ.

ನಮ್ಮೂರ ಗಾಳದಲ್ಲಿ ದಾರ ಹಗುರ. ತುದಿಯ ಸೀಸದ ಗುಂಡು ಭಾರ. ಗುಂಡು ಮುಂದೆ ಹೋಗುತ್ತದೆ, ದಾರ ಅದರ ಹಿಂದೆ ಹೋಗುತ್ತದೆ. ಇಲ್ಲಿ ತಿರುಗುಮುರುಗು. ಲೈನೇ ದಪ್ಪ, ಲೈನೇ ಭಾರ. ಲೈನುಗಳಿಗೆ ತೂಕದ ಮೇಲೆ ನಂಬರ್. ನನ್ನ ಕೈಯಲ್ಲಿರುವುದು 5ನೇ ನಂಬರಿನ ಲೈನ್. ಇದರ ಮೊದಲ 30 ಅಡಿ ಸುಮಾರು 9 ಗ್ರಾಂ ತೂಗುತ್ತದೆ. ಹಿಂದಕ್ಕೆ ಬೀಸಬೇಕು. ಅದು ಬೆನ್ನ ಹಿಂದೆ ನೆಟ್ಟಗೆ ಚಾಚಿಕೊಳ್ಳುವವರೆಗೆ ಕಾಯಬೇಕು. ಆಮೇಲೆ ಮುಂದಕ್ಕೆ ಬೀಸಬೇಕು. ಆ ಅರೆಕ್ಷಣ ಕಾಯುವುದನ್ನು ಕಲಿಯಲು ನನಗೆ ಒಂದು ಇಡೀ ಬೇಸಿಗೆ ಹಿಡಿಯಿತು. ಲೈನಿನ ತುದಿಗೆ ಲೀಡರ್ ಅನ್ನುವ ತೆಳ್ಳನೆಯ ನೈಲಾನ್ ಎಳೆ, ಸಾಮಾನ್ಯವಾಗಿ 9 ಅಡಿ. ಅದರ ತುದಿಗೆ ಫ್ಲೈ. ಸಣ್ಣ ಕೊಕ್ಕೆಗೆ ಕೋಳಿಪುಕ್ಕ, ಮೊಲದ ಕೂದಲು, ನೂಲು ಸುತ್ತಿ ಮಾಡಿದ ಹುಳುವಿನ ವೇಷ ಅದು.

ಕೆಂಪು ಉಣ್ಣೆಯನ್ನೇ ಯಾಕೆ ಕಟ್ಟಿದೆ ಅಂದರೆ, ಸುಮಾರು 1,800 ವರ್ಷಗಳ ಹಿಂದೆ ರೋಮ್‌ನಲ್ಲಿದ್ದ ಈಲಿಯನ್ ಎಂಬ ಲೇಖಕ ಮ್ಯಾಸಿಡೋನಿಯಾದ ಜನರ ಬಗ್ಗೆ ಒಂದು ಸಂಗತಿ ಬರೆದಿಟ್ಟಿದ್ದಾನೆ. ಅಲ್ಲಿನ ಒಂದು ನದಿಯಲ್ಲಿ ಚುಕ್ಕೆಚುಕ್ಕೆ ಮೀನುಗಳಿದ್ದವಂತೆ. ಅವು ನೀರಿನ ಮೇಲೆ ಕೂರುವ ಒಂದು ಹುಳುವನ್ನು ತಿನ್ನುತ್ತಿದ್ದವು. ಆ ಹುಳುವನ್ನು ಕೈಯಲ್ಲಿ ಹಿಡಿದರೆ ಬಣ್ಣ ಕೆಡುತ್ತದೆ, ರೆಕ್ಕೆ ಮುದುಡುತ್ತದೆ. ಗಾಳಕ್ಕೆ ಬರುವುದಿಲ್ಲ. ಅದಕ್ಕೆ ಅಲ್ಲಿನ ಜನ ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಎರಡು ಪುಕ್ಕ ಕಟ್ಟುತ್ತಿದ್ದರು. ಅವರ ಕೋಲು 6 ಅಡಿ, ದಾರವೂ 6 ಅಡಿ. ನನಗೆ ಇದರಲ್ಲಿ ತುಂಬ ಹಿಡಿಸಿದ್ದು ಏನೆಂದರೆ, ಗಾಳ ಕಟ್ಟುವ ಮೊದಲು ಯಾರೋ ಒಬ್ಬರು ಆ ದಡದಲ್ಲಿ ತುಂಬ ಹೊತ್ತು ಸುಮ್ನೆ ಕೂತು ನೋಡಿದ್ದಾರೆ. ಮೀನು ಏನು ತಿನ್ನುತ್ತದೆ ಅಂತ. ಇವತ್ತು ನಾನು ಮಾತಾಡಬೇಕೆಂದಿರುವುದೂ ಆ ನೋಡುವುದರ ಬಗ್ಗೆಯೇ. ನೋಡಿದ್ದನ್ನು ಬರೆದಿಡುವುದರ ಬಗ್ಗೆಯೂ.

ನಾನು ತೀರ್ಥಹಳ್ಳಿ ಕಡೆಯವಳು. ಮಲೆನಾಡಿನಲ್ಲಿ ಹುಟ್ಟಿದವರಿಗೆ ಮೀನಿನ ಕಥೆ ಹೇಳಿಕೊಡಬೇಕಾಗಿಲ್ಲ. ಜೂನ್‌ನಲ್ಲಿ ಮೊದಲ ಮಳೆ ಜೋರಾಗಿ ಸುರಿದಾಗ ಹಳ್ಳದಿಂದ ಗದ್ದೆಗೆ ಮೀನು ಹತ್ತುತ್ತವೆ. ಹತ್ತುಮೀನು ಅಂತಲೇ ಹೆಸರು. ಊರಲ್ಲಿ ಕೂಳಿ ಇಡುವವರು ಇದ್ದರು, ಬಲೆ ಹಾಕುವವರು ಇದ್ದರು. ನನ್ನ ಚಿಕ್ಕಪ್ಪ ಮಾತ್ರ ಒಂದು ಬಿದಿರ ಕೋಲು, ಒಂದು ಬೆಂಡು, ತೆಂಗಿನ ಚಿಪ್ಪಿನಲ್ಲಿ ಎರೆಹುಳ ಹಿಡಿದು ಹಳ್ಳದ ದಡಕ್ಕೆ ಹೋಗುತ್ತಿದ್ದರು. ನಾನು ಅವರ ಬಾಲ. ಅದೇ ತುಂಗೆಯ ಚಿಪ್ಪಲಗುಡ್ಡೆಯಲ್ಲಿ, ಶೃಂಗೇರಿಯಲ್ಲಿ, ಆ ಕಡೆ ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳಿವೆ. ಅಲ್ಲಿ ಗಾಳ ಹಾಕುವ ಮಾತೇ ಇಲ್ಲ. ಮಂಡಕ್ಕಿ ಹಾಕಿ ಕೈಮುಗಿಯುತ್ತಾರೆ. ಒಂದು ನೀರಿನಲ್ಲಿ ಹಿಡಿಯುವುದು, ಇನ್ನೊಂದು ನೀರಿನಲ್ಲಿ ಮುಟ್ಟದಿರುವುದು. ಎರಡನ್ನೂ ಒಟ್ಟಿಗೇ ಕಲಿತು ಬೆಳೆದೆ.

ಫ್ಲೈ ರಾಡನ್ನು ಮೊದಲು ಮುಟ್ಟಿದ್ದು ಬಹಳ ತಡವಾಗಿ, ಹಿಮಾಚಲದ ತೀರ್ಥನ್ ಕಣಿವೆಯಲ್ಲಿ. ಮನಾಲಿಗೆ ಹೋಗುವ ಬಸ್ಸು ಹತ್ತಿ, ಸುಮಾರು 3 ಕಿಲೋಮೀಟರ್ ಉದ್ದದ ಒಂದು ಸುರಂಗ ಬರುವ ಮೊದಲೇ ಔಟ್ ಅನ್ನುವ ಊರಲ್ಲಿ ಇಳಿಯಬೇಕು. ಅಲ್ಲಿಂದ ಲಾರ್ಜಿ, ಬಂಜಾರ್ ದಾಟಿ ಗುಶೈನಿ ಕಡೆಗೆ ಹೋದರೆ ರಸ್ತೆಯ ಪಕ್ಕದಲ್ಲೇ ನದಿ. ಮೇಲೆ ಗ್ರೇಟ್ ಹಿಮಾಲಯನ್ ನ್ಯಾಷನಲ್ ಪಾರ್ಕ್ ಇದೆ. 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು. ಅದರ ಹಿಮದಿಂದ ಇಳಿಯುವ ನೀರು ಇದು. ಏಪ್ರಿಲ್ ಬೆಳಿಗ್ಗೆ ಕಾಲಿಟ್ಟರೆ ಮೊಣಕಾಲವರೆಗೆ ಜೋಮು ಹಿಡಿಯುತ್ತದೆ. ತಳದ ಒಂದೊಂದು ಕಲ್ಲೂ ಎಣಿಸುವಷ್ಟು ತಿಳಿ.

ನಾನು ಇಳಿದುಕೊಂಡ ಮನೆಯ ಯಜಮಾನರು ಅರವತ್ತು ದಾಟಿದವರು. ಅವರೇ ನನ್ನ ಗುರು. ಮೊದಲ ದಿನ ನಾನು ರಾಡ್ ಜೋಡಿಸಿಕೊಂಡು ಸಿದ್ಧಳಾಗಿ ನಿಂತೆ. ಅವರು ಹಿಂದಿಯಲ್ಲಿ, "ಬೇಟಿ, ಅದನ್ನು ಆ ಕಲ್ಲಿಗೆ ಒರಗಿಸು. ಮೊದಲು ಇಲ್ಲಿ ಬಾ" ಅಂದರು. ನೀರಿಗೆ ಬಗ್ಗಿ ಒಂದು ಕಲ್ಲು ಎತ್ತಿ ಮಗುಚಿದರು. ಅಡಿಯಲ್ಲಿ ಏನೇನೋ ಹರಿದಾಡುತ್ತಿತ್ತು.

"ಬಾಲ ಎಣಿಸು" ಅಂದರು.

ಚಪ್ಪಟೆ ಮೈಯ ಒಂದು ಹುಳುವಿಗೆ ಮೂರು ಬಾಲ. ಅದು ಮೇಫ್ಲೈನ ಮರಿ. ಇನ್ನೊಂದು ಸ್ವಲ್ಪ ದಪ್ಪ, ಎರಡು ಬಾಲ. ಅದು ಸ್ಟೋನ್‌ಫ್ಲೈ. ಕಲ್ಲಿಗೆ ಅಂಟಿದ್ದ ಕಡ್ಡಿಯ ಚೂರೊಂದನ್ನು ಅವರು ಬೆರಳಲ್ಲಿ ಮೆಲ್ಲಗೆ ಒತ್ತಿದರು. ಅದರೊಳಗಿಂದ ಒಂದು ತಲೆ ಹೊರಗೆ ಬಂತು! ಕ್ಯಾಡಿಸ್ ಹುಳು. ಮರಳಿನ ಕಾಳು, ಎಲೆಯ ಚೂರು, ಕಡ್ಡಿ ಸೇರಿಸಿ, ತನ್ನದೇ ರೇಷ್ಮೆಯಿಂದ ಅಂಟಿಸಿ ಮನೆ ಕಟ್ಟಿಕೊಳ್ಳುತ್ತದೆ. ಅಷ್ಟು ವರ್ಷ ಹಳ್ಳ, ಹೊಳೆ ಅಂತ ಓಡಾಡಿದ್ದೆ. ಒಂದು ದಿನವೂ ಒಂದು ಕಲ್ಲು ಮಗುಚಿ ನೋಡಿರಲಿಲ್ಲ.

ಮೇಫ್ಲೈಯ ಬದುಕು ಕೇಳಿ. ಅದು ತಿಂಗಳುಗಟ್ಟಲೆ, ಕೆಲವು ಜಾತಿಗಳು ವರ್ಷಕ್ಕೂ ಜಾಸ್ತಿ, ನೀರಿನ ತಳದಲ್ಲಿ ಮರಿಯಾಗಿ ಕಳೆಯುತ್ತದೆ. ಒಂದು ದಿನ ಮೇಲಕ್ಕೆ ಈಜಿ ಬಂದು, ನೀರಿನ ಮೇಲ್ಮೈಯಲ್ಲೇ ಚರ್ಮ ಬಿಚ್ಚಿ, ರೆಕ್ಕೆ ಒಣಗಿಸಿಕೊಂಡು ಹಾರುತ್ತದೆ. ಆಮೇಲೆ ಅದಕ್ಕೆ ಊಟವೇ ಇಲ್ಲ. ತಿನ್ನಲು ಬಾಯಿ ಸರಿಯಾಗಿ ಬೆಳೆದೇ ಇರುವುದಿಲ್ಲ. ಜೊತೆ ಕೂಡಿ, ಮೊಟ್ಟೆಯಿಟ್ಟು, ಹೆಚ್ಚೆಂದರೆ ಒಂದೆರಡು ದಿನದಲ್ಲಿ ಮುಗಿಯುತ್ತದೆ. ಈ ನದಿಯಲ್ಲಿರುವ ಟ್ರೌಟ್ ಅನ್ನುವ ತಣ್ಣೀರಿನ ಮೀನು ಕಾಯುವುದು ಆ ಘಳಿಗೆಗೆ. ಹುಳು ಮೇಲೇಳುವಾಗ, ರೆಕ್ಕೆ ಒಣಗಿಸುವಾಗ, ಸತ್ತು ತೇಲುವಾಗ. ಫ್ಲೈ ಕಟ್ಟುವವರು ಈ ಒಂದೊಂದು ಅವಸ್ಥೆಗೂ ಬೇರೆಬೇರೆ ವೇಷ ಕಟ್ಟುತ್ತಾರೆ. ನೀರೊಳಗಿನ ಮರಿಗೆ ನಿಂಫ್ ಅಂತ ಹೆಸರು, ಮೇಲೆ ತೇಲುವುದಕ್ಕೆ ಡ್ರೈ ಫ್ಲೈ. ಟ್ರೌಟ್ ಹೆಚ್ಚಿನ ಊಟ ಮಾಡುವುದು ನೀರೊಳಗೇ. ಆದರೆ ಮೇಲೆ ಬಂದು ಡ್ರೈ ಫ್ಲೈಯನ್ನು ಗುಳುಂ ಅಂತ ನುಂಗುವುದನ್ನು ಒಮ್ಮೆ ನೋಡಿದವರು ಅದನ್ನೇ ಹುಡುಕಿಕೊಂಡು ಹೋಗುತ್ತಾರೆ. ನಾನೂ ಹಾಗೇ.

ಮೊದಲ ದಿನವಿಡೀ ನಾವು ಕಲ್ಲು ಮಗುಚಿದೆವು, ನೀರು ನೋಡಿದೆವು. ಟ್ರೌಟ್ ಯಾವಾಗಲೂ ಹರಿವಿಗೆ ಎದುರಾಗಿ ನಿಲ್ಲುತ್ತದೆ. ರಭಸದ ನೀರಲ್ಲಿ ನಿಂತರೆ ಸುಸ್ತಾಗುತ್ತದೆ, ನಿಂತ ನೀರಿಗೆ ಊಟ ಬರುವುದಿಲ್ಲ. ಹಾಗಾಗಿ ಎರಡರ ನಡುವಿನ ಗೆರೆಯಲ್ಲಿ ನಿಲ್ಲುತ್ತದೆ. ದೊಡ್ಡ ಬಂಡೆಯ ಮುಂದೆ, ಹಿಂದೆ, ದಡದ ಬೇರುಗಳ ಅಡಿಯಲ್ಲಿ. ಮುಖ ನೀರು ಬರುವ ಕಡೆಗಿರುವುದರಿಂದ ನಾವು ನೀರು ಹೋಗುವ ಕಡೆಯಿಂದ, ಅದರ ಬೆನ್ನ ಹಿಂದಿನಿಂದ ಹೋಗಬೇಕು. ನೆರಳು ನೀರಿನ ಮೇಲೆ ಬೀಳಬಾರದು. ಫ್ಲೈ ಅದರ ತಲೆಗಿಂತ ಸ್ವಲ್ಪ ಮುಂದೆ, ನೀರು ಬರುವ ಕಡೆ ಇಳಿದು, ನೀರು ಹೇಗೆ ಹರಿಯುತ್ತದೋ ಹಾಗೇ ತೇಲಿ ಬರಬೇಕು. ಲೈನು ಒಂದಿಷ್ಟು ಜಗ್ಗಿದರೂ ಸಾಕು, ಮೀನು ಮುಖ ತಿರುಗಿಸುತ್ತದೆ. ಎಲ್ಲ ಎಲೆಗಳೂ ಒಂದೇ ವೇಗದಲ್ಲಿ ತೇಲುತ್ತಿರುವಾಗ ಒಂದು ಮಾತ್ರ ಅಡ್ಡಡ್ಡ ಓಡಿದರೆ ನಮಗೂ ಅನುಮಾನ ಬರುತ್ತದಲ್ವಾ?

ಎರಡನೇ ದಿನ ಮಧ್ಯಾಹ್ನ ಮೊದಲ ಮೀನು ಸಿಕ್ಕಿತು. ಬ್ರೌನ್ ಟ್ರೌಟ್, ನನ್ನ ಗೇಣಿಗಿಂತ ಸ್ವಲ್ಪ ಉದ್ದ. ಜೇನಿನ ಬಣ್ಣದ ಮೈ, ಕಪ್ಪು ಚುಕ್ಕೆ, ನಡುನಡುವೆ ಕೆಂಪು ಚುಕ್ಕೆ. ಆ ಖುಷಿಯಲ್ಲಿ ನಾನು ಮಾಡಬಾರದ್ದನ್ನೆಲ್ಲ ಮಾಡಿದೆ. ಒಣ ಕೈಯಲ್ಲಿ ಹಿಡಿದೆ. ಬಿಸಿಲಿಗೆ ಎತ್ತಿದೆ. ಫೋಟೊ ಸರಿ ಬರಲಿಲ್ಲ ಅಂತ ಇನ್ನೊಂದು ತೆಗೆಸಿಕೊಂಡೆ. ನೀರಿಗೆ ಬಿಟ್ಟಾಗ ಅದು ಪಕ್ಕಕ್ಕೆ ಮಗುಚಿತು. ಯಜಮಾನರು ಓಡಿ ಬಂದು, ಅದರ ಹೊಟ್ಟೆಯ ಕೆಳಗೆ ಕೈಯಿಟ್ಟು, ಹರಿವಿಗೆ ಮುಖ ಮಾಡಿ ಹತ್ತು ನಿಮಿಷ ಹಿಡಿದುಕೊಂಡರು. ಕಿವಿರು ಒಂದೆರಡು ಸಲ ಆಡಿತು. ಆಮೇಲೆ ನಿಂತಿತು. ಅವರು ನನ್ನನ್ನು ಬೈಯಲಿಲ್ಲ. ಮೀನನ್ನು ಮನೆಗೆ ತಂದು ಸಾಸಿವೆ ಎಣ್ಣೆಯಲ್ಲಿ ಹುರಿದರು. ಹಿಡಿದದ್ದು ತಿನ್ನುವುದು ತಪ್ಪು ಅಂತ ನಾನು ಹೇಳುವುದಿಲ್ಲ, ಚಿಕ್ಕಪ್ಪನ ಕೈಯಡುಗೆ ತಿಂದು ಬೆಳೆದವಳು. ಆದರೆ ಬಿಡುತ್ತೇನೆ ಅಂತ ಹಿಡಿದ ಮೀನು ನನ್ನ ಅಜ್ಞಾನದಿಂದ ಸತ್ತಿತು. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಅದಕ್ಕೇ ಇದನ್ನು ನಿಧಾನವಾಗಿ ಹೇಳುತ್ತೇನೆ. ಮೀನಿನ ಮೈಮೇಲೆ ಲೋಳೆಯ ಪದರ ಇದೆ. ರೋಗ ತಾಗದಂತೆ ಕಾಯುವುದು ಅದೇ. ಒಣ ಕೈ, ಬಿಸಿ ಕಲ್ಲು ಅದನ್ನು ಕಿತ್ತು ಹಾಕುತ್ತವೆ. ಹಾಗಾಗಿ ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಮೊದಲೇ ಒತ್ತಿ ಚಪ್ಪಟೆ ಮಾಡಿ. ಆಗ ಮೀನನ್ನು ನೀರಿನಿಂದ ಎತ್ತದೆಯೇ ಬಿಡಿಸಬಹುದು. ಮತ್ತೆ ನೀರಿನ ಬಿಸಿ. ಟ್ರೌಟ್‌ಗೆ ತಣ್ಣೀರು ಬೇಕು, 10ರಿಂದ 16 ಡಿಗ್ರಿ ಇದ್ದರೆ ಹಾಯಾಗಿರುತ್ತದೆ. 20 ಡಿಗ್ರಿ ದಾಟಿದರೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ, ಹೋರಾಡಿ ದಣಿದ ಮೀನು ಚೇತರಿಸಿಕೊಳ್ಳುವುದು ಕಷ್ಟ. ಅಂಥ ದಿನ ರಾಡ್ ಮಡಚಿಟ್ಟು ದಡದಲ್ಲಿ ಕೂರುವುದೇ ಸರಿ. ಒಂದು ಸಣ್ಣ ಥರ್ಮಾಮೀಟರ್ ಅಂದಿನಿಂದ ನನ್ನ ಜೇಬಿನಲ್ಲಿದೆ. ಅದರ ಜೊತೆಗೆ ಒಂದು ನೋಟ್‌ಬುಕ್. ಅದರ ಮೊದಲ ಸಾಲು ಆ ಮೀನಿನದು.

ಮುಂದಿನ ಸಾಲಿನಿಂದ ಒಬ್ಬರು ಕೇಳಿದರು: "ಟ್ರೌಟ್ ನಮ್ಮ ದೇಶದ ಮೀನೇ ಅಲ್ಲವಲ್ಲ ಮೇಡಂ?"

ನಿಜ. ಒಳ್ಳೆಯ ಪ್ರಶ್ನೆ. ಬ್ರೌನ್ ಟ್ರೌಟ್ ಬಂದದ್ದು ಬ್ರಿಟನ್ನಿನಿಂದ. 1899ರಲ್ಲಿ ಕಾಶ್ಮೀರಕ್ಕೆ ಮೊದಲ ಸಲ ಮೊಟ್ಟೆಗಳು ಬಂದವು, ದಾರಿಯಲ್ಲೇ ಹಾಳಾದವು. 1900ರಲ್ಲಿ ಸ್ಕಾಟ್ಲೆಂಡಿನಿಂದ ಬಂದ ಮೊಟ್ಟೆಗಳು ಬದುಕಿದವು. ಅವನ್ನು ಸಾಕಲು ಮುಂದಾಗಿ ನಿಂತವರಲ್ಲಿ ಒಬ್ಬರು ಶ್ರೀನಗರದಲ್ಲಿ ರತ್ನಗಂಬಳಿ ಕಾರ್ಖಾನೆ ನಡೆಸುತ್ತಿದ್ದ ಫ್ರ್ಯಾಂಕ್ ಮಿಚೆಲ್. ಹಾರ್ವಾನ್‌ನಲ್ಲಿ ಮರಿ ಕೇಂದ್ರ ಶುರುವಾಯಿತು. 1909ರಲ್ಲಿ ಹಾವೆಲ್ ಎಂಬ ಅಧಿಕಾರಿ ಕುಲುವಿಗೆ ತಂದರು. ನಮ್ಮ ಪಕ್ಕದ ನೀಲಗಿರಿಯಲ್ಲಿ 1860ರ ದಶಕದಿಂದ ಪ್ರಯತ್ನ ನಡೆದು, ಕಡೆಗೆ 1900ರ ದಶಕದಲ್ಲಿ ವಿಲ್ಸನ್ ಎಂಬುವರ ಕೈಯಲ್ಲಿ ರೇನ್‌ಬೋ ಟ್ರೌಟ್ ನೆಲೆ ನಿಂತಿತು. ಅವಲಾಂಚ್‌ನ ಮರಿ ಕೇಂದ್ರ ಆ ಕಾಲದ್ದು.

ತಣ್ಣೀರಿನ ಹೊಳೆಗಳನ್ನು ಆ ಬ್ರಿಟಿಷರು 'ಖಾಲಿ' ಅಂದುಕೊಂಡರು. ಖಾಲಿ ಇರಲಿಲ್ಲ. ಹಿಮಾಲಯದ ಹೊಳೆಗಳಲ್ಲಿ ಸ್ನೋ ಟ್ರೌಟ್ ಅನ್ನುವ ಮೀನು ಮೊದಲಿನಿಂದ ಇತ್ತು. ಹೆಸರಲ್ಲಿ ಟ್ರೌಟ್ ಇದ್ದರೂ ಅದು ನಮ್ಮ ಗೆಂಡೆ, ಕಾಟ್ಲಾಗಳ ಕುಲದ್ದು. ಕಲ್ಲಿನ ಮೇಲಿನ ಪಾಚಿ ಕೆರೆದು ತಿನ್ನುತ್ತದೆ. ಬ್ರೌನ್ ಟ್ರೌಟ್ ದೊಡ್ಡದಾದ ಮೇಲೆ ಬೇರೆ ಮೀನಿನ ಮರಿಗಳನ್ನೂ ತಿನ್ನುತ್ತದೆ. ಈಗ ಸ್ನೋ ಟ್ರೌಟ್ ಅಪಾಯದ ಪಟ್ಟಿಯಲ್ಲಿದೆ. ಅಣೆಕಟ್ಟು, ಬಲೆ, ಮರಳು ತೆಗೆಯುವುದು ಇವೆಲ್ಲದರ ಜೊತೆ ಟ್ರೌಟ್ ಕೂಡ ಒಂದು ಕಾರಣ. ನಾನು ಪ್ರೀತಿಸುವ ಮೀನು ಬೇರೊಂದು ಮೀನಿನ ಮನೆಗೆ ಬಂದು ಕೂತಿದೆ. ಇದನ್ನು ಮುಚ್ಚಿಡಲು ನನಗೆ ಇಷ್ಟವಿಲ್ಲ.

ಇನ್ನೊಂದು ಬದಿಯೂ ಇದೆ. ತೀರ್ಥನ್ ಮೇಲೆ ಸಣ್ಣ ಸಣ್ಣ ಜಲವಿದ್ಯುತ್ ಯೋಜನೆಗಳು ಸಾಲಾಗಿ ಬರಲಿದ್ದವು. ಆ ಕಣಿವೆಯ ಮಾಜಿ ಶಾಸಕ ದಿಲೇ ರಾಮ್ ಶಬಾಬ್ ಊರವರನ್ನು ಕಟ್ಟಿಕೊಂಡು ಹೈಕೋರ್ಟಿಗೆ ಹೋದರು. ಯೋಜನೆಗಳನ್ನು ಕೈಬಿಡಲಾಯಿತು. ನದಿ ಹರಿಯಲು ಬಿಡಬೇಕು ಅನ್ನುವ ವಾದಕ್ಕೆ ಟ್ರೌಟ್ ಮತ್ತು ಅದನ್ನು ಹುಡುಕಿ ಬರುವ ಪ್ರವಾಸಿಗರೂ ಬಲ ಕೊಟ್ಟರು. ಪಕ್ಕದ ಸೈಂಜ್ ಕಣಿವೆಗೆ ಹೋಗಿ ನೋಡಿ, ಅಲ್ಲಿ ನದಿಯ ನೀರು ಸುರಂಗ ಹೊಕ್ಕಿದೆ. ಎರಡೂ ಸೇರುವ ಲಾರ್ಜಿಯಲ್ಲಿ ಅಣೆಕಟ್ಟು. ಔಟ್‌ನಲ್ಲಿ ಬಸ್ಸು ಇಳಿದ ಪ್ರತಿ ಸಲವೂ ನಾನು ಆ ಎರಡು ನೀರಿನ ಬಣ್ಣ ನೋಡುತ್ತೇನೆ.

ಸರೋವರದ ಬಗ್ಗೆ ಸ್ವಲ್ಪ ಹೇಳಿ ಮುಂದೆ ಹೋಗುತ್ತೇನೆ. ನಿಮ್ಮಲ್ಲಿ ಎಷ್ಟು ಜನ ಕಾಶ್ಮೀರ ಗ್ರೇಟ್ ಲೇಕ್ಸ್ ಚಾರಣ ಮಾಡಿದ್ದೀರಿ? ಪರವಾಗಿಲ್ಲ, ತುಂಬ ಕೈಗಳಿವೆ. ಸೋನಾಮಾರ್ಗ್‌ನಿಂದ ಹೊರಟು ನಿಚ್ನಾಯ್ ಕಣಿವೆ ದಾಟಿದರೆ ವಿಶನ್‌ಸರ್, ಕಿಶನ್‌ಸರ್. ಕೊನೆಯಲ್ಲಿ ಗಂಗಾಬಲ್. ಆ ನೀಲಿ ನೀರಿನ ಅಂಚಿನಲ್ಲಿ ಟ್ರೌಟ್‌ಗಳು ಓಡಾಡುವುದನ್ನು ನೀವು ನೋಡಿರುತ್ತೀರಿ. ಹೊಳೆಯಲ್ಲಿ ಮೀನು ಒಂದೆಡೆ ನಿಲ್ಲುತ್ತದೆ, ಊಟ ಹರಿದು ಬರುತ್ತದೆ. ಸರೋವರದಲ್ಲಿ ಊಟ ಇದ್ದಲ್ಲೇ ಇರುತ್ತದೆ, ಮೀನೇ ಸುತ್ತುತ್ತದೆ. ನಮ್ಮ ಊರಿನ ತರಕಾರಿ ಗಾಡಿಯವರ ಹಾಗೆ ಅದಕ್ಕೂ ಒಂದು ದಾರಿ, ಒಂದು ಹೊತ್ತು ಇರುತ್ತದೆ. ಬೆಳಗಿನ ಜಾವ ಗಾಳಿ ಏಳುವ ಮೊದಲು ಅರ್ಧ ಗಂಟೆ ಕೂತು ನೋಡಿ. ಒಂದೇ ಮೀನು ಅದೇ ಕಲ್ಲಿನ ಪಕ್ಕದಿಂದ ಮತ್ತೆ ಮತ್ತೆ ಹಾದುಹೋಗುತ್ತದೆ. ಅದು ಬರುವ ಮೊದಲೇ ಅದರ ದಾರಿಯಲ್ಲಿ ಫ್ಲೈ ಇಟ್ಟು ಕಾಯಬೇಕು. ತೊರೆಗಳು ಸರೋವರಕ್ಕೆ ಸೇರುವ ಬಾಯಿ, ಹೊರಗೆ ಹೋಗುವ ಬಾಯಿ, ಈ ಎರಡು ಕಡೆ ಮೊದಲು ನೋಡಿ. ಅಲ್ಲಿಗೆ ರಾಡ್ ಒಯ್ಯುವುದಾದರೆ ಮೀನುಗಾರಿಕೆ ಇಲಾಖೆಯ ಪರವಾನಗಿ ಹೊರಡುವ ಮೊದಲೇ ಮಾಡಿಸಿಕೊಳ್ಳಿ. ಬೆಟ್ಟದ ಮೇಲೆ ಯಾವ ಕಚೇರಿಯೂ ಇಲ್ಲ.

ನನ್ನ ಅಕ್ಕನ ಮಗಳು ಅಮೆರಿಕದಲ್ಲಿದ್ದಾಳೆ. ಅವಳ ಜೊತೆ ಯೆಲ್ಲೋಸ್ಟೋನ್‌ಗೆ ಹೋಗಿದ್ದೆ. ಅಲ್ಲಿಗೆ ಹೋಗುವ ಕನ್ನಡದವರು ತುಂಬ ಜನ. ಬಿಸಿನೀರಿನ ಬುಗ್ಗೆ, ಕಾಡೆಮ್ಮೆ ನೋಡಿ ವಾಪಸ್ ಬರುತ್ತಾರೆ. ಆ ಉದ್ಯಾನಕ್ಕೆ ಅದರದೇ ಮೀನು ಪರವಾನಗಿ ಬೇಕು, ರಾಜ್ಯದ ಪರವಾನಗಿ ನಡೆಯುವುದಿಲ್ಲ. ಮುಳ್ಳಿಲ್ಲದ ಕೊಕ್ಕೆಯೇ ಬೇಕು. ಅಲ್ಲಿನ ಸ್ವಂತ ಮೀನು ಕಟ್‌ಥ್ರೋಟ್ ಟ್ರೌಟ್ ಸಿಕ್ಕಿದರೆ ಬಿಡಲೇಬೇಕು. ಆದರೆ ಯೆಲ್ಲೋಸ್ಟೋನ್ ಸರೋವರದಲ್ಲಿ ಲೇಕ್ ಟ್ರೌಟ್ ಸಿಕ್ಕಿದರೆ ಕೊಲ್ಲಲೇಬೇಕು. ಯಾರೋ ಕದ್ದುಮುಚ್ಚಿ ತಂದು ಬಿಟ್ಟ ಮೀನದು, 1994ರಲ್ಲಿ ಪತ್ತೆಯಾಯಿತು. ಕಟ್‌ಥ್ರೋಟ್‌ಗಳನ್ನು ತಿಂದು ಹಾಕಿತು. ಕಟ್‌ಥ್ರೋಟ್ ಮೊಟ್ಟೆಯಿಡಲು ತೊರೆಗಳಿಗೆ ಹತ್ತುತ್ತದೆ, ನಮ್ಮ ಹತ್ತುಮೀನಿನ ಹಾಗೆ. ಆಗ ಕರಡಿ, ಹದ್ದುಗಳಿಗೆ ಊಟ. ಲೇಕ್ ಟ್ರೌಟ್ ಆಳದಲ್ಲೇ ಇರುತ್ತದೆ, ತೊರೆಗೆ ಬರುವುದಿಲ್ಲ. ಹಾಗಾಗಿ ಒಂದು ಮೀನು ಕಡಿಮೆಯಾದರೆ ಕರಡಿಯ ಊಟವೂ ಹೋಯಿತು. ಆ ಸರೋವರದ ದಡದಲ್ಲಿ ನಿಂತು ಇದನ್ನೆಲ್ಲ ಬರೆದಿದ್ದ ಫಲಕ ಓದುವಾಗ ನನಗೆ ಕಾವೇರಿ ನೆನಪಾಯಿತು.

ಈಗ ಕಾವೇರಿಯ ಕಥೆ ಹೇಳುತ್ತೇನೆ. ಇದು ಫ್ಲೈ ಫಿಶಿಂಗ್ ಕಥೆ ಅಲ್ಲ, ರಾಗಿ ಉಂಡೆಯ ಕಥೆ. ಆದರೂ ಇದನ್ನು ಬಿಟ್ಟು ಇವತ್ತಿನ ಮಾತು ಮುಗಿಸಲಾರೆ.

ಕಾವೇರಿಯ ಮಹಶೀರ್, ನಮ್ಮ ಜನ ಬಿಳಿಮೀನು ಅನ್ನುವ ಮೀನು, ಪ್ರಪಂಚದ ಗಾಳಗಾರರಿಗೆಲ್ಲ ಗೊತ್ತಿದ್ದ ಹೆಸರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಒಬ್ಬರು ಹಿಡಿದದ್ದು 120 ಪೌಂಡ್, ಅಂದರೆ 54 ಕಿಲೋಗೂ ಜಾಸ್ತಿ. ಆಮೇಲಿನ ದಶಕಗಳಲ್ಲಿ ನದಿಗೆ ಡೈನಮೈಟ್ ಹಾಕಿ ಮೀನು ಹೊಡೆಯುವುದು ಹೆಚ್ಚಾಯಿತು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಯಲ್ಲಿ ಗಾಳದ ಕ್ಯಾಂಪುಗಳು ಶುರುವಾದ ಮೇಲೆ, ಡೈನಮೈಟ್ ಹಾಕುತ್ತಿದ್ದವರಲ್ಲೇ ಕೆಲವರು ಗೈಡ್‌ಗಳಾದರು, ಕಾವಲುಗಾರರಾದರು. ರಾಗಿ ಹಿಟ್ಟು ಬೇಯಿಸಿ ಉಂಡೆ ಕಟ್ಟಿ ಕೊಕ್ಕೆಗೆ ಸುತ್ತುತ್ತಿದ್ದರು. ಹಿಡಿದ ಮೀನನ್ನು ತೂಗಿ, ಬರೆದು, ನೀರಿಗೆ ಬಿಡಬೇಕು. ಅದು ಅಲ್ಲಿನ ಕಟ್ಟಳೆ.

ಆ 'ಬರೆದು' ಅನ್ನುವುದನ್ನು ಗಮನಿಸಿ. ಗಾಳಿಬೋರೆಯ ಕ್ಯಾಂಪಿನಲ್ಲಿ 1998ರಿಂದ 2012ರವರೆಗೆ ಬರೆದ ಲೆಕ್ಕ ಉಳಿದುಕೊಂಡಿತು. ಎಷ್ಟು ಗಂಟೆ ಗಾಳ ಹಾಕಿದರು, ಎಷ್ಟು ಮೀನು, ಎಷ್ಟು ತೂಕ. 23 ಸಾವಿರಕ್ಕೂ ಹೆಚ್ಚು ಗಂಟೆಗಳ, 6 ಸಾವಿರಕ್ಕೂ ಹೆಚ್ಚು ಮೀನುಗಳ ಲೆಕ್ಕ. ಸಂಜೆ ದಣಿದು ಬಂದವರು ಲಾಂದ್ರದ ಬೆಳಕಲ್ಲಿ ಗೀಚಿದ ಸಾಲುಗಳನ್ನು ನಾನು ಮನಸ್ಸಿನಲ್ಲೇ ಕಲ್ಪಿಸಿಕೊಳ್ಳುತ್ತೇನೆ. ಮುಂದೆ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಅವರ ಜೊತೆಗಾರ ವಿಜ್ಞಾನಿಗಳು ಆ ಲೆಕ್ಕವನ್ನು ಜೋಡಿಸಿ ನೋಡಿದರು. ಸಿಕ್ಕುವ ಮೀನಿನ ಸಂಖ್ಯೆ ಹೆಚ್ಚುತ್ತಾ ಹೋಗಿತ್ತು. ಮೇಲ್ನೋಟಕ್ಕೆ ಒಳ್ಳೆಯ ಸುದ್ದಿ. ಆದರೆ ಹೆಚ್ಚುತ್ತಿದ್ದದ್ದು ನೀಲಿ ರೆಕ್ಕೆಯ ಮಹಶೀರ್. ಕಾವೇರಿಯ ಸ್ವಂತದ್ದು, ಬೆನ್ನು ಡುಬ್ಬ ಇರುವ ಕಿತ್ತಳೆ ರೆಕ್ಕೆಯ ಮಹಶೀರ್, ಕಾಣೆಯಾಗುತ್ತಾ ಹೋಗಿತ್ತು.

ನೀಲಿ ರೆಕ್ಕೆಯದು ಹೇಗೆ ಬಂತು? ಮಹಾರಾಷ್ಟ್ರದ ಲೋಣಾವಳದ ಮರಿ ಕೇಂದ್ರದಲ್ಲಿ 1970ರ ದಶಕದಿಂದ ಬೆಳೆಸಿ ದೇಶದ ನದಿಗಳಿಗೆ ಬಿಟ್ಟ ಮರಿಗಳು. ಬಿಟ್ಟವರದು ಒಳ್ಳೆಯ ಮನಸ್ಸು. ಮಹಶೀರ್ ಉಳಿಯಲಿ ಅಂತಲೇ ಬಿಟ್ಟರು. ಆಗ ಕಾವೇರಿಯ ಮೀನಿಗೆ ಒಂದು ಖಚಿತವಾದ ವೈಜ್ಞಾನಿಕ ಹೆಸರೂ ಇರಲಿಲ್ಲ. ಪ್ರಪಂಚದ ಅತಿ ದೊಡ್ಡ ಮಹಶೀರ್‌ಗಳಲ್ಲಿ ಒಂದು, ನೂರೈವತ್ತು ವರ್ಷ ಜನ ಅದಕ್ಕಾಗಿ ಸಮುದ್ರ ದಾಟಿ ಬಂದರು, ಹೆಸರು ಮಾತ್ರ ಸಿಕ್ಕಿದ್ದು 2018ರಲ್ಲಿ. ಕೇರಳದ ಪಾಂಬಾರ್‌ನಲ್ಲಿ ಮೊದಲೇ ಗುರುತಿಸಿದ್ದ ಟಾರ್ ರೆಮಾದೇವಿ ಅನ್ನುವ ಜಾತಿಯೇ ಇದು ಅಂತ ತಿಳಿಯಿತು. ಅದೇ ವರ್ಷ ಐಯುಸಿಎನ್ ಅನ್ನುವ ಅಂತರರಾಷ್ಟ್ರೀಯ ಸಂರಕ್ಷಣಾ ಸಂಸ್ಥೆಯ ಪಟ್ಟಿಯಲ್ಲಿ ಅಳಿವಿನ ತೀರ ಅಂಚಿನಲ್ಲಿರುವ ಜಾತಿ ಅಂತ ಸೇರಿತು.

ಯೋಚಿಸಿ ನೋಡಿ. ಆ ಕ್ಯಾಂಪಿನವರು ತೂಗಿ ಬರೆದಿಡದೆ ಸುಮ್ನೆ ಫೋಟೊ ತೆಗೆದುಕೊಂಡು ಹೋಗಿದ್ದರೆ, ಮೀನು ಜಾಸ್ತಿ ಸಿಗುತ್ತಿದೆ, ನದಿ ಚೆನ್ನಾಗಿದೆ ಅಂತಲೇ ಎಲ್ಲರೂ ನಂಬಿರುತ್ತಿದ್ದೆವು.

ಈಗ ಆ ಜಾಗ ಕಾವೇರಿ ವನ್ಯಧಾಮದೊಳಗಿದೆ. ಅಲ್ಲಿ ಗಾಳ ನಿಂತಿದೆ. ಅದು ಸರಿಯೋ ತಪ್ಪೋ ಅಂತ ದೊಡ್ಡ ವಾದ ಇದೆ. ನನ್ನ ಮನಸ್ಸು ಕಾನೂನಿನ ಕಡೆಗೇ ಇದೆ, ವನ್ಯಧಾಮದಲ್ಲಿ ಎಲ್ಲ ಪ್ರಾಣಿಗೂ ಒಂದೇ ನಿಯಮ ಇರಲಿ. ಆದರೆ ಗಾಳ ನಿಂತ ಮೇಲೆ ಆ ಲೆಕ್ಕವೂ ನಿಂತಿತಲ್ಲ, ಅದು ನನ್ನನ್ನು ಕೊರೆಯುತ್ತದೆ. ನದಿಯ ಪಕ್ಕದಲ್ಲಿ ವರ್ಷಗಟ್ಟಲೆ ಕೂತು ಬರೆಯುವವರು ಬೇಕು. ಕೈಯಲ್ಲಿ ಗಾಳ ಇದ್ದರೂ ಸರಿ, ಇಲ್ಲದಿದ್ದರೂ ಸರಿ.

"ಶುರು ಮಾಡಲು ಏನೇನು ಬೇಕು, ತುಂಬ ದುಬಾರಿನಾ?" ಅಂತ ಒಬ್ಬ ಹುಡುಗ ಕೇಳಿದ.

ಪ್ರಯಾಣಕ್ಕೆ ನಾಲ್ಕು ತುಂಡಾಗಿ ಬಿಚ್ಚುವ 9 ಅಡಿಯ ರಾಡ್ ಸಾಕು, 4 ಅಥವಾ 5ನೇ ನಂಬರಿನ ಲೈನಿಗೆ ಹೊಂದುವುದು. ಮಡಚಿದರೆ ಕೊಡೆಗಿಂತ ಸ್ವಲ್ಪ ಉದ್ದ. ಇನ್ನೂ ಸರಳ ಬೇಕಾದರೆ ಜಪಾನಿನ ಬೆಟ್ಟದ ಜನರ ತೆಂಕರ ಪದ್ಧತಿ ಇದೆ. ರೀಲೇ ಇಲ್ಲ, ಒಂದರೊಳಗೊಂದು ಸೇರುವ ಕೋಲಿನ ತುದಿಗೆ ನೇರ ದಾರ. ನನ್ನ ಚಿಕ್ಕಪ್ಪ ನೋಡಿದ್ದರೆ ಇದು ನನ್ನದೇ ಕೋಲು ಅನ್ನುತ್ತಿದ್ದರು. ವಿಮಾನದಲ್ಲಿ ಹೋಗುವಾಗ ಕೊಕ್ಕೆಗಳು, ಇಕ್ಕಳ, ಕತ್ತರಿ ಎಲ್ಲವನ್ನೂ ಚೆಕ್-ಇನ್ ಚೀಲಕ್ಕೆ ಹಾಕಿ. ಹಿಮಾಚಲದಲ್ಲಿ ನವೆಂಬರ್‌ನಿಂದ ಫೆಬ್ರವರಿವರೆಗೆ ಟ್ರೌಟ್ ಹಿಡಿಯುವುದಕ್ಕೆ ನಿಷೇಧ ಇದೆ, ಅವು ಮೊಟ್ಟೆಯಿಡುವ ಕಾಲ. ಮಳೆಗಾಲದಲ್ಲಿ ನೀರು ಕೆಂಪು. 2023ರ ಜುಲೈ ಪ್ರವಾಹ ಕುಲು ಕಡೆ ಏನು ಮಾಡಿತು ಅಂತ ಟೀವಿಯಲ್ಲಿ ನೋಡಿದ್ದೀರಿ, ಆ ತಿಂಗಳುಗಳಲ್ಲಿ ಹೊಳೆಯ ಹತ್ತಿರ ಹೋಗಲೇಬೇಡಿ. ಮಾರ್ಚ್‌ನಿಂದ ಜೂನ್ ಮೊದಲ ವಾರ, ಆಮೇಲೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್. ಪರವಾನಗಿ ತಪ್ಪದೆ ಮಾಡಿಸಿ. ಕಾಶ್ಮೀರದಲ್ಲಿ ಹೊಳೆಯನ್ನು ಬೀಟ್ ಅಂತ ತುಂಡು ಮಾಡಿರುತ್ತಾರೆ, ನಿಮಗೆ ಕೊಟ್ಟ ಬೀಟ್ ಬಿಟ್ಟು ಆಚೆ ಹೋಗುವಂತಿಲ್ಲ.

ಇನ್ನೊಂದು ಮುಖ್ಯ ಮಾತು. ಒಂದು ನದಿಯಿಂದ ಇನ್ನೊಂದಕ್ಕೆ ಹೋಗುವಾಗ ಬೂಟು, ಬಲೆ ತೊಳೆದು ಪೂರ್ತಿ ಒಣಗಿಸಿ. ನ್ಯೂಜಿಲೆಂಡಿನಲ್ಲಿ 2004ರಲ್ಲಿ ಡಿಡಿಮೊ ಅನ್ನುವ ಪಾಚಿ ಕಾಣಿಸಿಕೊಂಡಿತು. ಕಲ್ಲಿನ ಮೇಲೆ ಒದ್ದೆ ಕಂಬಳಿ ಹಾಸಿದ ಹಾಗೆ ಬೆಳೆಯುತ್ತದೆ. ಕಲ್ಲಿನಡಿಯ ಹುಳುಗಳಿಗೆ ಜಾಗವೇ ಉಳಿಯುವುದಿಲ್ಲ. ಗಾಳಗಾರರ ಬೂಟಿನ ಒದ್ದೆ ಅಡಿಯಲ್ಲೂ ಅದು ಪ್ರಯಾಣ ಮಾಡಬಲ್ಲದು ಅಂತ ಅಲ್ಲಿ ಫೆಲ್ಟ್, ಅಂದರೆ ಒತ್ತಿದ ಉಣ್ಣೆಯಂಥ ಬಟ್ಟೆಯ ಅಡಿ ಇರುವ ಬೂಟುಗಳನ್ನೇ ನಿಷೇಧಿಸಿದರು. ನಾವು ಯಾವ ನೀರನ್ನು ಇಷ್ಟಪಟ್ಟು ಹೋಗುತ್ತೇವೋ ಅದಕ್ಕೆ ನಮ್ಮ ಕಾಲಿನಿಂದಲೇ ಕೇಡಾಗಬಾರದು.

ಕೊನೆಗೆ ಈ ನೋಟ್‌ಬುಕ್ಕಿನ ಒಂದು ಪುಟ ಓದುತ್ತೇನೆ. ಹೋದ ಸಲ ತೀರ್ಥನ್‌ಗೆ ಹೋದಾಗಿನದು. "ಬೆಳಿಗ್ಗೆ 7. ನೀರು 9 ಡಿಗ್ರಿ, ತಿಳಿ. ಸೇತುವೆ ಕೆಳಗೆ 10 ಕಲ್ಲು ಮಗುಚಿದೆ. ಮೇಫ್ಲೈ ಮರಿ ತುಂಬ. ಸ್ಟೋನ್‌ಫ್ಲೈ 4. ಕ್ಯಾಡಿಸ್ ಮನೆ ಕಡಿಮೆ, ಹೋದ ವರ್ಷ ಇದೇ ಜಾಗದಲ್ಲಿ ಜಾಸ್ತಿ ಇತ್ತು. ಮೇಲೆ ರಸ್ತೆ ಅಗಲ ಮಾಡುತ್ತಿದ್ದಾರೆ, ಮಣ್ಣು ಜಾರಿ ಬಂದಿದೆ. 11 ಗಂಟೆಗೆ ಹುಳು ಎದ್ದಿತು. ಒಂದು ಟ್ರೌಟ್, ಚಿಕ್ಕದು, ನೀರಲ್ಲೇ ಬಿಡಿಸಿದೆ. ಬಾಲ ಬೀಸಿ ಹೋಯಿತು. ಯಜಮಾನರ ಮೊಮ್ಮಗಳು ಬಂದಿದ್ದಳು. ಬಾಲ ಎಣಿಸಲು ಕಲಿತಳು."

ಹೊರಗೆ ಮೈದಾನದಲ್ಲಿ ನಾಲ್ಕು ರಾಡ್ ಜೋಡಿಸಿಟ್ಟಿದ್ದೇನೆ. ನಾಲ್ಕರ ತುದಿಯಲ್ಲೂ ಕೆಂಪು ಉಣ್ಣೆ ಇದೆ. ಹುಲ್ಲಿನ ಮೇಲೆ ಅಲ್ಲಲ್ಲಿ ಸ್ಟೀಲ್ ತಟ್ಟೆ ಇಟ್ಟಿದ್ದೇವೆ, ಉಣ್ಣೆ ಅದರೊಳಗೆ ಇಳಿಯಬೇಕು. ಇನ್ನೂ ಒಂದು ಗಂಟೆ ಬೆಳಕಿದೆ, ಬನ್ನಿ.